ಹದಿನೆಂಟು ಗಂಟೆಯ ನೀರು

ಹೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಏನೂ ಆಗದು ಎಂದ ಮೇಲೆ ಹೇಳಿಬಿಡಲು ಹೆದರಿಕೆ ಏಕೆ? ಹೇಳಿದವನ ಕೆಲಸ ಹೋಗುತ್ತದೆ. ಅಂದರೆ ಏನೋ ಒಂದು ಆಗುತ್ತದೆ ಎಂದಾಯಿತು. ಆಗುವುದು ಅದೊಂದೇ ಆದರೆ ಹೇಳಿ ಪ್ರಯೋಜನವೇನು?

ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತ ಲೋಕೇಶ್ ಎರಡು ದಿನದಿಂದ ಮನಸ್ಸಿನಲ್ಲಿ ಸುತ್ತಿದ್ದನ್ನೇ ಸುತ್ತುತ್ತಿದ್ದ. ಜನವರಿಯ ಒಂದು ಮಂಗಳವಾರ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡವೊಂದರ ಮೂರನೇ ಮಹಡಿಯ ಲ್ಯಾಬು. ಉಳಿದವರೆಲ್ಲ ಅಂಗಿಯ ತೋಳು ಮಡಚಿಕೊಂಡಿದ್ದರು. ಅವನೊಬ್ಬ ಮಾತ್ರ ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿಕೊಂಡಿದ್ದ. ಒಳಗೆ ಎಡಗೈ ತುರಿಸುತ್ತಿತ್ತು. ಯಾರ ಎದುರೂ ಕೆರೆದುಕೊಳ್ಳುವ ಹಾಗಿರಲಿಲ್ಲ.

ಗಾಜಿನ ಮೇಲಿನ ನೀರಿನಲ್ಲಿ ಏಳು ಹುಳುಗಳಿದ್ದವು. ಹುಳು ಎನ್ನುವುದೂ ದೊಡ್ಡ ಮಾತು. ಚಪ್ಪಟೆ ಹುಳುವಿನ ಮರಿ. ಕವಲೊಡೆದ ಬಾಲ, ಬರಿಗಣ್ಣಿಗೆ ಕಾಣದ ಗಾತ್ರ. ತಾಯಿ ಹುಳು ದನದ ರಕ್ತದಲ್ಲಿ ಬಾಳುತ್ತದೆ. ಅದರ ಮೊಟ್ಟೆ ಸಗಣಿಯ ಜೊತೆ ಕೆರೆಗೆ ಬೀಳುತ್ತದೆ. ಅಲ್ಲಿ ಬಸವನಹುಳುವಿನ ಮೈಯೊಳಗೆ ಸೇರಿ ಒಂದು ಸಾವಿರವಾಗುತ್ತದೆ. ಬಿಸಿಲೇರುತ್ತಿದ್ದಂತೆ ಮರಿಗಳು ಹೊರಬಂದು ದನದ ಕಾಲು ಹುಡುಕುತ್ತ ಈಜುತ್ತವೆ. ದನ ಸಿಗದಿದ್ದರೆ ಮನುಷ್ಯರ ಕಾಲು. ಯಾವ ಮನುಷ್ಯರಾದರೂ ಸರಿ, ಹುಳುವಿಗೆ ಜಾತಿಭೇದವಿಲ್ಲ. ಕೆರೆಗೆ ಯಾರು ಇಳಿಯಬೇಕು ಎಂದು ತೀರ್ಮಾನಿಸುವುದು ಹುಳುವಲ್ಲ.

ಮನುಷ್ಯರ ಚರ್ಮ ಹೊಕ್ಕ ಮರಿ ಅಲ್ಲೇ ಸಾಯುತ್ತದೆ. ಸತ್ತ ಕಡೆಯಲ್ಲೆಲ್ಲ ಕೆಂಪು ಗುಳ್ಳೆ, ನಿದ್ದೆಗೆಡಿಸುವ ತುರಿಕೆ.

ನೀರಿನಲ್ಲಿರುವಷ್ಟು ಹೊತ್ತು ಆ ಮರಿ ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿ ಮುಗಿಯುವವರೆಗೆ ಜೀವ. ಒಂದು ಹಗಲು, ಒಂದು ರಾತ್ರಿ, ಬಹಳವೆಂದರೆ ಇನ್ನರ್ಧ ದಿನ. ಆದರೆ ಚರ್ಮ ಕೊರೆಯುವ ತಾಕತ್ತು ಮೊದಲ ಏಳೆಂಟು ಗಂಟೆ ಮಾತ್ರ. ಆಮೇಲೂ ಈಜುತ್ತದೆ, ಬಾಲ ಬಡಿಯುತ್ತದೆ, ಯಾರನ್ನೂ ಚುಚ್ಚಲಾರದು. ಬಿ.ಎಸ್ಸಿ. ಪಾಸಾಗಿ ಏಳು ವರ್ಷದಿಂದ ಅಟೆಂಡರ್ ಎಂಬ ಹೆಸರಿನಲ್ಲಿ ಲ್ಯಾಬಿನ ಗಾಜು ತೊಳೆಯುತ್ತಿದ್ದ ಲೋಕೇಶನಿಗೆ ಈ ಎರಡನೆಯ ಸ್ಥಿತಿಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

"ಕೌಂಟ್ ಆಯ್ತಾ ಲೋಕೇಶ್?" ಶರಣ್ಯ ಮೇಡಂ ಕಾಫಿ ಲೋಟ ಹಿಡಿದು ಬಂದರು. ಲ್ಯಾಬಿನ ವಿಜ್ಞಾನಿ. ಅವನಿಗಿಂತ ಮೂರು ವರ್ಷ ಚಿಕ್ಕವರು. ಒಳ್ಳೆಯವರು. ಏಕವಚನದಲ್ಲಿ ಮಾತಾಡುತ್ತಿರಲಿಲ್ಲ.

"ಏಳಿವೆ ಮೇಡಂ. ಐದು ಈಜ್ತಿದಾವೆ, ಎರಡು ಸತ್ತಿವೆ."

"ಇಲಿ ಟೆಸ್ಟು?"

"ಬಾಲ ಅದ್ದಿ ಆಯ್ತು. ಯಾವುದೂ ಒಳಗೆ ಹೋಗಿಲ್ಲ."

"ಸೂಪರ್. ಇನ್ಫೆಕ್ಟಿವಿಟಿ ನಿಲ್ ಅಂತ ಹಾಕ್ಬಿಡಿ."

ಹಾಕಿದ. ಪ್ರತಿ ವಾರ ಹಾಕುತ್ತಿದ್ದ.

ಈ ಸೊನ್ನೆ ಬರುವುದಕ್ಕೂ ಒಂದು ಶಿಸ್ತಿತ್ತು. ಕೆರೆಯ ನೀರು ತರಬೇಕಾದ ಕಾರು ಬೆಳಗಿನ ಹೊತ್ತು ಡೈರೆಕ್ಟರ್ ಸಾಹೇಬರ ಮನೆಯ ಕೆಲಸದಲ್ಲಿರುತ್ತಿತ್ತು. ಬಿಡುವಾಗುತ್ತಿದ್ದುದು ಮಧ್ಯಾಹ್ನ ಮೂರರ ಮೇಲೆ. ಹಾಗಾಗಿ ಲೋಕೇಶ್ ಬಾಟಲಿ ತುಂಬುವುದು ನಾಲ್ಕಕ್ಕೆ. ಟ್ರಾಫಿಕ್ಕು ದಾಟಿ ಲ್ಯಾಬು ಮುಟ್ಟುವುದು ಆರಕ್ಕೆ. ಇಲಿ ಕೋಣೆಗೆ ಐದಕ್ಕೇ ಬೀಗ. ಸಂಜೆಯ ಮೇಲೆ ಇಲಿಗಳಿಗೆ ತೊಂದರೆ ಕೊಡಬಾರದೆಂದು ಎಥಿಕ್ಸ್ ಕಮಿಟಿಯ ಕಟ್ಟಪ್ಪಣೆ. ಒಂದು ಇಲಿಯ ಬಾಲವನ್ನು ಅರ್ಧ ಗಂಟೆ ನೀರಿನಲ್ಲಿ ಅದ್ದಲು ಐದು ಪುಟದ ಅರ್ಜಿ, ಮೂವರ ಸಹಿ. ಕಮಿಟಿಯಲ್ಲಿದ್ದವರೆಲ್ಲ ಮೃದು ಮನಸ್ಸಿನವರು. ಹೀಗಾಗಿ ಪರೀಕ್ಷೆ ಮರುದಿನ ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ಬಾಟಲಿಯ ನೀರಿಗೆ ಹದಿನೆಂಟು ಗಂಟೆ ವಯಸ್ಸು. ಅದರಲ್ಲಿ ಚರ್ಮ ಕೊರೆಯುವ ಹುಳು ಒಂದೇ ಒಂದು ಸಿಕ್ಕಿದ್ದರೂ ಅದಕ್ಕೆ ಶಾಲು ಹೊದಿಸಿ ಸನ್ಮಾನ ಮಾಡಬೇಕಿತ್ತು.

ಕೆರೆಯ ಹೆಸರು ಸುಣ್ಣದಕುಂಟೆ. ಬೇಗೂರಿನಿಂದ ಆಚೆಗೆ. ಲ್ಯಾಬಿನಿಂದ ವಾರವಾರ ವರದಿ ತರಿಸಿಕೊಳ್ಳುತ್ತಿದ್ದ ಸಾಫ್ಟ್‌ವೇರ್ ಕಂಪನಿಯೊಂದು ಅದನ್ನು ದತ್ತು ತೆಗೆದುಕೊಂಡಿತ್ತು. ಕೆರೆಗೆ ಹೆತ್ತವರಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ. ಸುತ್ತ ತಂತಿ ಬೇಲಿ ಬಂತು, ಕಲ್ಲು ಹಾಸಿನ ದಾರಿ ಬಂತು, ಬೆಂಚು ಬಂತು, 'ಇಲ್ಲಿ ಉಸಿರಾಡಿ' ಎಂಬ ಫಲಕ ಬಂತು. ನೀರಿನ ಮೇಲೆ ಹಬ್ಬಿದ ಕಳೆ ಮಾತ್ರ ತಾನಾಗಿ ಹೋಗಲಿಲ್ಲ. ಅದಕ್ಕೆ ಕೆರೆ ಕೆಳಗಿನ ಕಾಲೋನಿಯ ಹೆಂಗಸರನ್ನು ಕರೆದರು.

ಲೋಕೇಶನ ಅಜ್ಜಿಯ ಕಾಲದಲ್ಲಿ ಕಾಲೋನಿಯವರು ಈ ಕೆರೆಯ ನೀರು ಮುಟ್ಟುವಂತಿರಲಿಲ್ಲ. ಕೊಡ ಹಿಡಿದು ದೂರ ನಿಂತು ಕಾಯಬೇಕಿತ್ತು. ಊರವರು ಯಾರಾದರೂ ಮನಸ್ಸು ಬಂದರೆ ಎತ್ತಿ ಹುಯ್ಯುತ್ತಿದ್ದರು. ಈಗ ಕಾಲ ಬದಲಾಗಿದೆ. ಅದೇ ಅಜ್ಜಿಯ ಮೊಮ್ಮಕ್ಕಳನ್ನು ಸೊಂಟ ಮುಳುಗುವ ತನಕ ಕೆರೆಯೊಳಗೇ ಇಳಿಸಿದ್ದಾರೆ. ದಿನಕ್ಕೆ ಆರು ಗಂಟೆ. ಅಸ್ಪೃಶ್ಯತೆ ಇಷ್ಟು ಚೆನ್ನಾಗಿ ತೊಲಗಿದ್ದನ್ನು ನೋಡಲು ಅಜ್ಜಿ ಬದುಕಿರಲಿಲ್ಲ.

ಒಟ್ಟು ಹನ್ನೊಂದು ಮಂದಿ. ಅವರಿಗೆ ಮುಂದಾಳು ಲೋಕೇಶನ ಅಕ್ಕ ಅಂಜಿನಮ್ಮ. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಮೇಲೊಂದು ಗಂಡಸರ ಅಂಗಿ ತೊಟ್ಟು ನೀರಿಗಿಳಿದರೆ ಮೂರರವರೆಗೆ ಎಳೆಯುವುದೇ ಕೆಲಸ. ಕಳೆಯ ಬೇರು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಾಗಿರುತ್ತಿತ್ತು. ಕುಡುಗೋಲಿನಿಂದ ಕೊಯ್ದು, ತಬ್ಬಿ, ಎದೆಗೆ ಒತ್ತಿ ದಡಕ್ಕೆ ಹೊರಬೇಕು. ಕಾಲಡಿಗೆ ಕೆಸರು, ಗಾಜಿನ ಚೂರು, ಮುಳುಗಿಸಿದ ಗಣಪತಿಯ ತಂತಿ. ಕಳೆಯ ಎಲೆಯೆಲೆಗೂ ಬಸವನಹುಳು.

ಒಂಬತ್ತೇ ಏಕೆ? ಮೊದಲ ವಾರ ಅವರು ಐದೂವರೆಗೇ ಇಳಿದಿದ್ದರು. ಬಿಸಿಲಿಗೆ ಮುಂಚೆ ಕೆಲಸ ಮುಗಿಸುವುದು ದುಡಿಯುವವರ ಬುದ್ಧಿ. ಆದರೆ ಐದೂವರೆಯಿಂದ ಎಂಟೂವರೆ ಕೆರೆಯ ಸುತ್ತಲಿನ ಅಪಾರ್ಟ್‌ಮೆಂಟಿನವರು ವಾಕಿಂಗ್ ಮಾಡುವ ಸಮಯ. ಕಳೆ ಕಿತ್ತರೆ ಕೆಸರು ವಾಸನೆ ಬರುತ್ತದೆ. ಅಲ್ಲದೆ ಉಸಿರಾಟದ ವ್ಯಾಯಾಮ ಮಾಡಿ ಕಣ್ಣು ಬಿಟ್ಟಾಗ ಎದುರಿಗೆ ಒದ್ದೆ ಸೀರೆಯ ಹನ್ನೊಂದು ಹೆಂಗಸರು ಕಂಡರೆ ಮನಸ್ಸಿಗೆ ಶಾಂತಿ ಹೇಗೆ ಸಿಕ್ಕೀತು? ವಾಕರ್ಸ್ ಸಂಘದವರು ಕಂಪನಿಗೆ ಪತ್ರ ಬರೆದರು. ಕಂಪನಿಯವರು ಗುತ್ತಿಗೆದಾರ ಗೋಪಾಲಪ್ಪನಿಗೆ ಹೇಳಿದರು. ಗೋಪಾಲಪ್ಪ ಊರ ಗೌಡರ ಪೈಕಿ. ಹೊಲವಿದ್ದ ಜಾಗದಲ್ಲಿ ಮೂರು ಪಿ.ಜಿ. ಕಟ್ಟಿಸಿದ್ದ, ಎಂಟು ಹಸು ಇಟ್ಟಿದ್ದ, ಹಸುಗಳ ಮೈ ತೊಳೆಸುವುದು ಇದೇ ಕೆರೆಯಲ್ಲಿ. ಅವನು ಹೆಂಗಸರಿಗೆ ಹೇಳಿದ: "ನಾಳೆಯಿಂದ ಒಂಬತ್ತಕ್ಕೆ ಬನ್ರಮ್ಮ. ಆರಾಮಾಗಿ ಮುದ್ದೆ ಉಂಡ್ಕಂಡು ಬನ್ನಿ. ಎಷ್ಟು ಯೋಚನೆ ಮಾಡ್ತೀನಿ ನೋಡಿ ನಿಮ್ ಬಗ್ಗೆ."

ಬಿಸಿಲೇರಿ ಹುಳು ಹೊರಬರುವ ಹೊತ್ತಿಗೆ ಸರಿಯಾಗಿ ಇಪ್ಪತ್ತೆರಡು ಕಾಲುಗಳು ನೀರಿಗಿಳಿಯತೊಡಗಿದವು.

ಈ ಹೊಸ ಹೊತ್ತಿನ ಮೊದಲ ವಾರ ಏನೂ ಆಗಲಿಲ್ಲ. ಹತ್ತು ಹನ್ನೆರಡು ದಿನದ ಮೇಲೆ ಗುಳ್ಳೆ ಎದ್ದವು. ಆಮೇಲೆ ಪ್ರತಿದಿನ ಹಿಂದಿನ ದಿನಕ್ಕಿಂತ ಹೆಚ್ಚು. ಸಂಜೆ ಹೊತ್ತು ಕಾಲೋನಿಯ ಜಗಲಿಯ ಮೇಲೆ ಹನ್ನೊಂದು ಮಂದಿ ಸಾಲಾಗಿ ಕಾಲು ಚಾಚಿ ಕೂತು, ಬೇವಿನ ಸೊಪ್ಪಿನ ಬಿಸಿನೀರು ಹುಯ್ದುಕೊಳ್ಳುತ್ತಿದ್ದರು.

"ರಾತ್ರೆಲ್ಲ ತಬಲಾ ಬಾರಿಸಿದಂಗ ಕಾಲ್ ಕೆರಕೊಂಡೆ ನೋಡಬೇ ಯಕ್ಕಾ," ಎನ್ನುತ್ತಿದ್ದಳು ಮರೆವ್ವ. ಯಾದಗಿರಿ ಕಡೆಯವಳು, ಕಾಲೋನಿಯಲ್ಲೇ ಬಾಡಿಗೆಗಿದ್ದಳು. "ಬಾಜೂ ಮನಿಯವ್ರು ಭಜನಿ ಐತೇನು, ನಮ್ಮನ್ಯಾಕ ಕರೀಲಿಲ್ಲ ಅಂದ್ರು."

"ಕರಿ, ಕರಿ. ಅವರ್ ಕಾಲೂ ಸೇರಿಸ್ಕಳಣ," ಎಂದು ಅಂಜಿನಮ್ಮ ನಗುತ್ತಿದ್ದಳು.

ಗೋಪಾಲಪ್ಪನಿಗೆ ಕಾಲು ತೋರಿಸಿದರು. ಅವನು ಮೂಗಿಗೆ ಟವೆಲ್ಲು ಹಿಡಿದು ನೋಡಿದ. "ನಿಮ್ ಜನಕ್ಕೆ ಕಜ್ಜಿ ಅನ್ನೋದು ಹೊಸದಾ? ಸೋಪ್ ಹಾಕ್ಕಂಡು ನೆಟ್ಟಗೆ ಸ್ನಾನ ಮಾಡಿ."

ಮಾರನೆಯ ವಾರ ಕಂಪನಿಯಿಂದ ತಲಾ ಒಂದು ಸೋಪು, ಒಂದು ಕರಪತ್ರ ಬಂದವು. 'ನೀರು ಬಳಸಿ, ಶುಚಿಯಾಗಿರಿ.' ದಿನಕ್ಕೆ ಆರು ಗಂಟೆ ನೀರಿನಲ್ಲೇ ಇರುವವರಿಗೆ ಇನ್ನಷ್ಟು ನೀರು ಬಳಸಲು ಹೇಳಿದವರ ಉದಾರತೆಯನ್ನು ಯಾರೂ ಅನುಮಾನಿಸುವಂತಿರಲಿಲ್ಲ.

ಲೋಕೇಶ್ ಅನುಮಾನಿಸಿದ್ದ. ಆ ಮಂಗಳವಾರದ ಹಿಂದಿನ ಭಾನುವಾರ, ಕೆರೆಯಿಂದ ಇಪ್ಪತ್ತು ಬಸವನಹುಳು ತಂದು ಗಾಜಿನ ಜಾಡಿಯಲ್ಲಿ ಹಾಕಿ ಕಿಟಕಿಯ ಬಿಸಿಲಿಗಿಟ್ಟ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮರಿಗಳು ಹೊರಬಂದು ನೀರು ಮಸುಕಾಯಿತು. ಬಸವನಹುಳುಗಳನ್ನು ತೆಗೆದುಬಿಟ್ಟ. ಎಡಗೈ ಮೇಲೆ ಪೆನ್ನಿನಿಂದ ನಾಲ್ಕು ಚೌಕ ಬರೆದುಕೊಂಡ. ಒಂದು ಗಂಟೆ ವಯಸ್ಸಿನ ನೀರಿನಲ್ಲಿ ಅದ್ದಿದ ಹತ್ತಿ ಮೊದಲ ಚೌಕಕ್ಕೆ. ಐದು ಗಂಟೆಯದು ಎರಡನೆಯದಕ್ಕೆ. ಹತ್ತು ಗಂಟೆಯದು ಮೂರನೆಯದಕ್ಕೆ. ಹದಿನೆಂಟು ಗಂಟೆಯದು ಕೊನೆಯದಕ್ಕೆ. ವರ್ಷಗಟ್ಟಲೆ ಬರಿಗೈಯಲ್ಲಿ ಬಸವನಹುಳು ಆರಿಸಿದವನು ಅವನು. ಲ್ಯಾಬಿನ ಕೈಗವಸು ವಿಜ್ಞಾನಿಗಳಿಗೆ ಮಾತ್ರ. ಹೊಸ ಚರ್ಮ ಆ ಹುಳುವಿನ ಗುರುತು ಹಿಡಿದು ಗುಳ್ಳೆ ಏಳಲು ಹತ್ತು ದಿನ ಬೇಕು, ಅವನ ಚರ್ಮಕ್ಕೆ ಆ ಗುರುತು ಮೊದಲೇ ಚೆನ್ನಾಗಿತ್ತು.

ಮೊದಲ ಚೌಕದಲ್ಲಿ ಮೂವತ್ತೊಂದು ಗುಳ್ಳೆ. ಎರಡನೆಯದರಲ್ಲಿ ಇಪ್ಪತ್ತಾರು. ಮೂರನೆಯದರಲ್ಲಿ ಮೂರು. ಕೊನೆಯದರಲ್ಲಿ ಸೊನ್ನೆ.

ಅಂದರೆ ಕೆರೆಯ ಹುಳು ಹೆಂಗಸರ ಕಾಲಿಗೆ ಹೊಕ್ಕು ಮುಗಿಸಿದ ಮೇಲೆ, ಉಳಿದವು ಸುಸ್ತಾದ ಮೇಲೆ, ತಾನು ಆ ಸುಸ್ತಾದವನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಇವು ಬಲು ಸಾಧು ಎಂದು ಸರ್ಟಿಫಿಕೇಟು ಬರೆದುಕೊಡುತ್ತಿದ್ದ. ಇದಿಷ್ಟು ಅವನಿಗೆ ಗೊತ್ತಾಗಿತ್ತು. ತೋಳಿನೊಳಗೆ ತುರಿಸುತ್ತಿದ್ದುದು ಇದೇ.

ಅವನು ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಶರಣ್ಯರತ್ತ ತಿರುಗಿದ. "ಮೇಡಂ, ಒಂದು ಡೌಟು. ಬೆಳಿಗ್ಗೆ ಒಂಬತ್ತಕ್ಕೆ ನೀರು ತಂದು, ಆಗಲೇ ಟೆಸ್ಟ್ ಮಾಡಿದ್ರೆ?"

"ಪ್ರೋಟೋಕಾಲ್ ಚೇಂಜ್ ಮಾಡ್ಬೇಕಾಗತ್ತೆ ಲೋಕೇಶ್. ಮತ್ತೆ ಕಮಿಟಿ, ಮತ್ತೆ ಅಪ್ರೂವಲ್. ಯಾಕೆ, ಏನಾದ್ರೂ ನೋಡಿದ್ರಾ?"

ಅವನ ಬಲಗೈ ಎಡತೋಳಿನ ಗುಂಡಿಯ ಮೇಲೆ ಹೋಯಿತು.

"ಅಂದ ಹಾಗೆ," ಎಂದರು ಶರಣ್ಯ, "ಏಪ್ರಿಲ್‌ನಲ್ಲಿ ನಿಮ್ಮ ಟೆಕ್ನಿಷಿಯನ್ ಪೋಸ್ಟಿಂಗ್ ಫೈಲ್ ಮೂವ್ ಮಾಡ್ತಿದೀನಿ. ಪರ್ಮನೆಂಟ್. ಖುಷಿನಾ?"

"ಖುಷಿ ಮೇಡಂ."

ಕೈ ಗುಂಡಿಯಿಂದ ಇಳಿಯಿತು. ಅವನು ಗಾಜು ತೊಳೆಯಲು ಹೋದ.

ಏಳೆಂಟು ದಿನದಲ್ಲಿ ಚೌಕಗಳು ಅಳಿಸಿಹೋದವು. ಅಕ್ಕನಿಗೆ ಅವನು ಹೇಳಿದ್ದು ಇಷ್ಟೇ: "ತುಂಬಾ ಹೊತ್ತು ನೀರಲ್ಲಿ ನಿಲ್ಲಬೇಡ."

"ಮತ್ತೆ ಕಳೆ ನಡ್ಕಂಡ್ ಬಂದು ದಡ ಹತ್ತುತ್ತಾ?" ಎಂದಳು ಅವಳು.

ಮಾರ್ಚಿನಲ್ಲಿ ಮರೆವ್ವನ ಬಲಗಾಲು ಬಾತಿತು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಕೆರೆದ ಗಾಯ ಕೀವಾಯಿತು. ಜ್ವರದಲ್ಲೇ ನಾಲ್ಕು ದಿನ ನೀರಿಗಿಳಿದಳು, ಐದನೆಯ ದಿನ ಕಳೆಯ ಹೊರೆಯೊಂದಿಗೆ ಮಗುಚಿ ಬಿದ್ದಳು. ಅಂಜಿನಮ್ಮ ಜುಟ್ಟು ಹಿಡಿದು ಎತ್ತಿದಳು. ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು. ಗೋಪಾಲಪ್ಪ ನೋಡಲು ಬಂದು, ಒಂದು ಡಜನ್ ಬಾಳೆಹಣ್ಣು ಇಟ್ಟು, "ಊರಿಗೆ ಹೋಗಿ ರೆಸ್ಟ್ ತಗೊಳ್ಳಮ್ಮ" ಎಂದ. ಅವಳ ಜಾಗಕ್ಕೆ ಮರುದಿನವೇ ಬೇರೊಬ್ಬಳು ಬಂದಿದ್ದಳು.

ಬಸ್ಸು ಹತ್ತಿಸಲು ಲೋಕೇಶನೂ ಹೋಗಿದ್ದ. ಮರೆವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಭುಜ ತಟ್ಟಿದಳು. "ಅಣ್ಣಾರ, ನೀವ್ ಕಲ್ತೋರು. ಆ ನೀರಾಗ ಏನೈತಿ ಅಂತ ನಿಮ್ ಮಿಶಿನ್‌ನ್ಯಾಗ ಒಂದೀಟು ನೋಡ್ರಲಾ. ಯಕ್ಕನ ಕಾಲಾರ ಉಳೀಲಿ."

"ನೋಡ್ತೀನಿ," ಎಂದ ಲೋಕೇಶ್.

ಬಸ್ಸು ಹೋಯಿತು.

ಏಪ್ರಿಲ್ ಮೂರನೆಯ ಭಾನುವಾರ ಅವನು ಮತ್ತೆ ಇಪ್ಪತ್ತು ಬಸವನಹುಳು ತಂದ. ಮತ್ತೆ ಜಾಡಿ, ಮತ್ತೆ ಬಿಸಿಲು, ಮತ್ತೆ ನಾಲ್ಕು ಚೌಕ. ಈ ಸಲ ಅವನಿಗೆ ಬೇಕಾಗಿದ್ದದ್ದು ಒಂದೇ. ಜನವರಿಯ ಲೆಕ್ಕ ತಪ್ಪಾಗಿರಲಿ. ಮೊದಲ ಚೌಕ ಏಳದಿರಲಿ, ಇಲ್ಲವೇ ಕೊನೆಯದೂ ಏಳಲಿ. ಹಾಗಾದರೆ ಆ ಎರಡು ಬೆರಳಿಗೂ ತನಗೂ ಸಂಬಂಧವಿಲ್ಲ. ವಿಜ್ಞಾನಿಗಳು ಸತ್ಯ ಹುಡುಕುತ್ತಾರಂತೆ. ಅವನು ತನ್ನ ತಪ್ಪನ್ನು ಹುಡುಕುತ್ತಿದ್ದ, ಅದೂ ಬೇಡಿಕೊಂಡು.

ಮೂವತ್ತನಾಲ್ಕು. ಇಪ್ಪತ್ತೊಂಬತ್ತು. ಎರಡು. ಸೊನ್ನೆ.

ಸೋಮವಾರ ಸಂಜೆ ಅವನು ಕೈ ತೊಳೆಯುತ್ತಿದ್ದಾಗ ಅಂಜಿನಮ್ಮ ತೋಳು ಹಿಡಿದುಕೊಂಡಳು.

"ಏನ್ಲಾ ಇದು? ಕೈ ಮ್ಯಾಲೆ ಕುಂಟೆಬಿಲ್ಲೆ ಆಡ್ಕಂಡಿದೀಯಾ?"

ಅವನು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಕಳೆ ಎಳೆದ ಕೈ. ಚೌಕದೊಳಗಿನ ಗುಳ್ಳೆ ನೋಡಿದಳು, ತನ್ನ ಕಾಲು ನೋಡಿದಳು. ಎರಡೂ ಒಂದೇ ಜಾತಿ ಎಂದು ತಿಳಿಯಲು ಅವಳಿಗೆ ಮೈಕ್ರೋಸ್ಕೋಪು ಬೇಕಾಗಲಿಲ್ಲ.

"ಯೋಳು."

ಹೇಳಿದ. ದನ, ಸಗಣಿ, ಬಸವನಹುಳು, ಬಿಸಿಲು, ಬುತ್ತಿ, ಎಂಟು ಗಂಟೆ. ತನ್ನ ಬಾಟಲಿಯ ವಿಷಯವನ್ನೂ ಹೇಳಿದ. ಒಲೆಯ ಮೇಲೆ ಎಸರು ಉಕ್ಕಿ ಆರಿತು.

"ಅಂಗಂದ್ರೆ," ಎಂದಳು ಕೊನೆಗೆ, "ಬೆಳಕರಿಯಕ್ಕೆ ಮುಂಚೆ ಇಳಿದ್ರೆ? ನಿನ್ನೆವು ಸುಸ್ತಾಗಿರ್ತವೆ. ಇವತ್ತಿನವು ಇನ್ನೂ ಹುಟ್ಟಿರಲ್ಲ."

ಅವನು ತಲೆಯೆತ್ತಿದ. ಮೂರು ತಿಂಗಳಲ್ಲಿ ಅವನಿಗೆ ಹೊಳೆಯದಿದ್ದದ್ದು ಅವಳಿಗೆ ಮೂರು ನಿಮಿಷದಲ್ಲಿ ಹೊಳೆದಿತ್ತು. "ಹೂಂ ಅಕ್ಕ. ಐದೂವರೆಯಿಂದ ಎಂಟೂವರೆ. ಆಗ ಇಳಿದ್ರೆ ಬಹಳ ಕಮ್ಮಿ."

"ನಾವ್ ಮೊದಲು ಇಳೀತಿದ್ದದ್ದೇ ಆಗ." ಅವಳು ಕಾಲು ಕೆರೆದುಕೊಳ್ಳುತ್ತ ನಕ್ಕಳು. ನಗು ಚೆನ್ನಾಗಿರಲಿಲ್ಲ. "ಅವರ ಕಣ್ಣಿಗೆ ನಾವು ಕಾಣಬಾರದು ಅಂತ ನಮ್ ಕಾಲು ತಿನ್ನಿಸಿದ್ರಾ? ಈ ಕೈ ಮ್ಯಾಲಿಂದನ್ನ ನಿನ್ನೆ ಭಾನ್ವಾರ ಮಾಡಿದ್ದಾ?"

"ಹೂಂ."

"ನನ್ನಪ್ಪ," ಎಂದು ಅವಳು ಅವನ ತೋಳಿಗೆ ಬೇವಿನ ನೀರು ಹಾಕಿದಳು. "ನಮಗೋಸ್ಕರ ಕೈ ಸುಟ್ಕಂಡೆ."

ಎರಡು ದಿನ ಬಿಟ್ಟು ಭೂಮಿ ದಿನ. ಕಂಪನಿಯಿಂದ ಮೂವತ್ತು ಜನ ಹಸಿರು ಟೀ ಶರ್ಟು ತೊಟ್ಟು ಬಂದರು. ಭೂಮಿಯ ಮೇಲಿನ ಪ್ರೀತಿಗೆ ಬಸ್ಸಿನ ಇಂಜಿನ್ನು ಬಂದ್ ಮಾಡಿರಲಿಲ್ಲ, ಒಳಗೆ ಎ.ಸಿ. ನಿಲ್ಲಬಾರದೆಂದು. ಋಷಿಕೇಶ್ ಎಂಬುವರು ಅವರ ಮುಖ್ಯಸ್ಥರು, ಸಮಾಜಸೇವೆಯ ವಿಭಾಗ. ಶರಣ್ಯ ಮೇಡಂ ವರದಿಯ ಕಡತ ಹಿಡಿದು ಬಂದಿದ್ದರು. ಅವರ ಹಿಂದೆ ಬಾಟಲಿಯ ಡಬ್ಬ ಹಿಡಿದು ಲೋಕೇಶ್. ಫೋಟೋ ತೆಗೆಯುವವನು ಹೆಂಗಸರನ್ನು ನೀರಿಗಿಳಿದು ಕಳೆ ಹಿಡಿದು ನಗಲು ಹೇಳಿದ.

ಯಾರೂ ಇಳಿಯಲಿಲ್ಲ.

"ಏ ಅಂಜಿನಮ್ಮ, ಇಳೀರಿ. ಒಂಬತ್ತೂವರೆ ಆಯ್ತು," ಎಂದ ಗೋಪಾಲಪ್ಪ.

"ಇಳಿಯಲ್ಲ ಗೌಡ್ರೇ."

"ಏನಂದೆ?"

"ಇಳಿಯಲ್ಲ ಅಂದೆ. ಬೆಳಗ್ಗೆ ಐದೂವರೆಗೆ ಇಳೀತೀವಿ. ಎಂಟೂವರೆಗೆ ಹತ್ತುತೀವಿ. ಆಮ್ಯಾಕೆ ದಡದ ಮೇಲಿನ ಕೆಲಸ ಎಷ್ಟು ಬೇಕಾದ್ರೂ ಕೊಡಿ. ಈ ಹೊತ್ತಲ್ಲಿ ನೀರಿಗೆ ಕಾಲಿಡಲ್ಲ."

ಗೋಪಾಲಪ್ಪ ನಗಲು ನೋಡಿದ. "ಸಾರ್, ಏನೋ ಸ್ವಲ್ಪ ತುರಿಕೆ ಅಂತೆ. ಈ ಜನಕ್ಕೆ ಕ್ಲೀನ್ಲಿನೆಸ್ ಇಲ್ಲ ಸಾರ್."

ಋಷಿಕೇಶರು ಕೈಯೆತ್ತಿ ಅವನನ್ನು ತಡೆದರು. ಅವರಿಗೆ ಜನರ ಭಯ ಹೋಗಲಾಡಿಸುವ ತರಬೇತಿ ಆಗಿತ್ತು. "ಅಮ್ಮಾ, ನೋಡಿ, ಇಲ್ಲಿ ಸೈಂಟಿಫಿಕ್ ರಿಪೋರ್ಟ್ ಇದೆ. ಹದಿನಾರು ವಾರ ಟೆಸ್ಟ್ ಆಗಿದೆ. ಪ್ರತಿ ವಾರವೂ ನಿಲ್. ನನಗೆ ನಂಬಿಕೆ ಇದೆ." ಅಷ್ಟು ಹೇಳಿ ಬೂಟು ಕಳಚಿದರು, ಪ್ಯಾಂಟು ಮಡಚಿದರು, ಮೊಣಕಾಲ ತನಕ ನೀರಿಗೆ ಇಳಿದೇಬಿಟ್ಟರು. ಹಸಿರು ಟೀ ಶರ್ಟುಗಳು ಚಪ್ಪಾಳೆ ತಟ್ಟಿದವು. ಹತ್ತು ನಿಮಿಷ ನಿಂತರು. ಆ ಧೈರ್ಯವನ್ನು ನಾಲ್ಕು ಫೋನುಗಳಲ್ಲಿ ಹಿಡಿದರು. "ನೋಡಿ, ಏನಾಯ್ತು ನನಗೆ? ಏನೂ ಇಲ್ಲ."

"ನಮಗೂ ಮೊದಲನೇ ದಿನ ಏನೂ ಆಗ್ಲಿಲ್ಲ ಸಾರ್," ಎಂದಳು ಅಂಜಿನಮ್ಮ. "ಮೊದಲನೇ ವಾರವೂ ಆಗ್ಲಿಲ್ಲ. ಹತ್ತಬೇಡಿ, ಅಲ್ಲೇ ಇರಿ. ಮೂರು ಗಂಟೆವರೆಗಿರಿ. ನಾಳೆ ಬನ್ನಿ. ನಾಡಿದ್ದು ಬನ್ನಿ. ಹದಿನೈದು ದಿನ ಆದ್ಮ್ಯಾಕೆ ನಿಮ್ ಕಾಲು, ನನ್ ಕಾಲು ಪಕ್ಕದಲ್ಲಿಟ್ಟು ಒಂದು ಫೋಟ ತೆಗೆಸಣ."

ಅವಳು ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿದಳು. ಉಳಿದವರೂ ಎತ್ತಿದರು. ಗುಳ್ಳೆ, ಕೀವು, ಒಡೆದ ಚರ್ಮ, ಕಪ್ಪು ಕಲೆ. ಫೋನುಗಳು ಕೆಳಗಿಳಿದವು. ಒಬ್ಬ ಹುಡುಗಿ ಮುಖ ತಿರುಗಿಸಿದಳು.

ಋಷಿಕೇಶರು ದಡ ಹತ್ತಿದರು. ಟವೆಲ್ಲು ಬಂತು. "ಶರಣ್ಯ, ರಿಪೋರ್ಟ್ ಕರೆಕ್ಟ್ ಇದೆ ತಾನೇ?"

"ಕರೆಕ್ಟ್ ಸಾರ್. ಕೌಂಟ್ ಮಾಡಿದವರೇ ಇದ್ದಾರೆ. ಲೋಕೇಶ್, ಹೇಳಿ, ನೀರಲ್ಲಿ ಇನ್ಫೆಕ್ಟಿವ್ ಲಾರ್ವಾ ಸಿಕ್ಕಿತ್ತಾ?"

ಎಲ್ಲರೂ ಅವನ ಕಡೆ ತಿರುಗಿದರು. ಅಂಜಿನಮ್ಮ ಮಾತ್ರ ತಿರುಗಲಿಲ್ಲ. ಅವಳಿಗೆ ಅನುಮಾನವಿರಲಿಲ್ಲ.

"ಅದು ಹದಿನೆಂಟು ಗಂಟೆಯ ನೀರು ಮೇಡಂ," ಎಂದ ಲೋಕೇಶ್. ಡಬ್ಬ ನೆಲಕ್ಕಿಟ್ಟ. ಗುಂಡಿ ಬಿಚ್ಚಿ ತೋಳು ಮಡಚಿದ. "ಒಂದು ಗಂಟೆಯ ನೀರು ಇದು. ಇದು ಐದು ಗಂಟೆಯದು. ಇದು ಹತ್ತು ಗಂಟೆಯದು. ನಾವು ರಿಪೋರ್ಟ್ ಬರೀತಿರೋದು ಈ ಕೊನೆಯದರ ಮೇಲೆ."

ಶರಣ್ಯ ಮೇಡಂ ಅವನ ತೋಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು, ಮಾತಿನಲ್ಲಿ ಕಾಣಿಸಲಿಲ್ಲ. "ಲೋಕೇಶ್, ಇದಕ್ಕೆ ಎಥಿಕ್ಸ್ ಅಪ್ರೂವಲ್ ಇಲ್ಲ. ಮನುಷ್ಯರ ಮೇಲೆ ಹೀಗೆಲ್ಲ ಪ್ರಯೋಗ ಮಾಡೋ ಹಾಗಿಲ್ಲ."

"ನಮ್ ಕಾಲಿಗೆ ಇತ್ತೇನಮ್ಮ ಆ ಅಪ್ರೂಲು?" ಎಂದಳು ಅಂಜಿನಮ್ಮ.

ಬಸ್ಸಿನ ಇಂಜಿನ್ನು ಗುರುಗುಟ್ಟುತ್ತಲೇ ಇತ್ತು.

ಲೋಕೇಶನ ಕಡತ ಏಪ್ರಿಲ್‌ನಲ್ಲೇ ಮುಂದಕ್ಕೆ ಹೋಯಿತು. ಶಿಸ್ತು ಉಲ್ಲಂಘನೆ, ಅನಧಿಕೃತ ಪ್ರಯೋಗ, ಸಂಸ್ಥೆಯ ಬಸವನಹುಳುಗಳ ದುರ್ಬಳಕೆ. ಕೆರೆಯ ಬಸವನಹುಳುಗಳು ಯಾವಾಗ ಸಂಸ್ಥೆಯವಾದವು ಎಂದು ಅವನು ಕೇಳಲಿಲ್ಲ. ಅತ್ತಿಬೆಲೆಯ ಗೋದಾಮೊಂದರಲ್ಲಿ ಪೆಟ್ಟಿಗೆ ಎಣಿಸುವ ಕೆಲಸ ಸಿಕ್ಕಿತು. ಎಣಿಸುವುದು ಅಭ್ಯಾಸವಿತ್ತು.

ಗೋಪಾಲಪ್ಪ ಬೇರೆ ಹೆಂಗಸರನ್ನು ಲಾರಿಯಲ್ಲಿ ಕರೆತಂದ. ಒಂದು ವಾರ ಅವರಿಗೆ ಏನೂ ಆಗಲಿಲ್ಲ. ಅವನು ಕಾಲೋನಿಯ ಮುಂದೆ ಸ್ಕೂಟರು ನಿಲ್ಲಿಸಿ, "ನೋಡಿದ್ರಾ? ದುಡಿಯೋ ಮೈಗೆ ರೋಗ ಇಲ್ಲ," ಎಂದ. ಅಂಜಿನಮ್ಮ ಜಗಳವಾಡಲಿಲ್ಲ. ದಿನಾ ಮೂರು ಗಂಟೆಗೆ ಬೇವಿನ ನೀರಿನ ಬಿಂದಿಗೆ ಹೊತ್ತು ದಡಕ್ಕೆ ಹೋಗಿ, ಲಾರಿಯ ಹೆಂಗಸರ ಪಕ್ಕ ಕೂತು ತನ್ನ ಕಾಲು ತೋರಿಸುತ್ತಿದ್ದಳು. "ಇವತ್ತಿಲ್ಲ ತಾಯಿ. ಇನ್ನೊಂದು ನಾಕು ದಿನ ತಡಿ. ಆಮ್ಯಾಕೆ ನನ್ನ ನೆನೆಸ್ಕಳಿ." ಹನ್ನೆರಡನೆಯ ದಿನ ಅವರು ನೆನೆಸಿಕೊಂಡರು. ಹದಿನಾಲ್ಕನೆಯ ದಿನ ಲಾರಿ ಬಂತು, ಹೆಂಗಸರು ಕೆಳಗಿಳಿಯಲಿಲ್ಲ.

ಮೇ ಕೊನೆಯ ವಾರ, ಮಳೆಗೆ ಮುಂಚೆ ಕಳೆ ತೆಗೆಯಲೇಬೇಕಾದಾಗ, ಗೋಪಾಲಪ್ಪ ಜಗಲಿಯ ಹತ್ತಿರ ಬಂದು ನಿಂತ. ಕೂರಲಿಲ್ಲ. "ಐದೂವರೆಗೇ ಬರ್ರಮ್ಮ. ನನಗೇನು, ವಾಕಿಂಗ್‌ನೋರು ಬೈದ್ರೆ ನೀವೇ ಉತ್ತರ ಕೊಡಿ."

ವಾಕಿಂಗಿನವರು ಬೈಯಲಿಲ್ಲ. ಸುಸಂಸ್ಕೃತರು. 'ಬೆಳಗಿನ ಪ್ರಶಾಂತತೆಗೆ ಭಂಗ' ಎಂದು ಗ್ರೂಪಿನಲ್ಲಿ ನಲವತ್ತು ಸಂದೇಶ ಹಾಕಿಕೊಂಡರು. ಕೆಲವರು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಂದರು. ಒಬ್ಬ ನಿವೃತ್ತ ಅಧಿಕಾರಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಉಸಿರೆಳೆದು, ಕಣ್ಣು ಬಿಟ್ಟು, ಎದುರಿಗಿದ್ದ ಅಂಜಿನಮ್ಮನನ್ನು ಕಂಡು ಮತ್ತೆ ಮುಚ್ಚಿದರು. "ಬಿಡಿ ಸಾರ್ ಕಣ್ಣು," ಎಂದಳು ಅವಳು ನೀರಿನೊಳಗಿಂದಲೇ. "ನಾವೂ ಮನುಷ್ಯರೇ. ಅಭ್ಯಾಸ ಆಗ್ತದೆ."

ಮೂರು ವಾರದಲ್ಲಿ ಕಾಲಿನ ಗಾಯ ಒಣಗತೊಡಗಿದವು. ಒಂದು ಬೆಳಿಗ್ಗೆ, ಎಂಟೂವರೆಗೆ ಎಲ್ಲರೂ ದಡ ಹತ್ತಿ ಕೂತಾಗ, ಅಂಜಿನಮ್ಮ ಯಾದಗಿರಿಗೆ ಫೋನು ಮಾಡಿದಳು. ವಾರದ ರಜೆಯೆಂದು ಲೋಕೇಶನೂ ಅಲ್ಲಿದ್ದ, ಕಳೆಯ ಹೊರೆ ಗಾಡಿಗೆ ಏರಿಸುತ್ತಿದ್ದ. ಅವಳು ಸ್ಪೀಕರು ಹಾಕಿದಳು.

"ಮರೆವ್ವಾ, ಕೇಳ್ದಾ? ನನ್ ತಮ್ಮ ಕಣೇ ಕಂಡಿಡಿದಿದ್ದು. ಕೈ ಮ್ಯಾಲೆ ಹುಳ ಬಿಟ್ಕಂಡು. ಕೆಲ್ಸ ಹೋದ್ರೂ ಹೋಗ್ಲಿ ಅಂತ ಎಲ್ಲರ ಮುಂದೆ ಯೋಳ್ದ. ನೀನು ಬಸ್ಸತ್ತೋವಾಗ ಯೋಳಿದ್ದೆಯಲ್ಲ, ಅದಕ್ಕೇ ಮಾಡಿದ್ದು."

"ಹೌದೇನಬೇ!" ಫೋನಿನಲ್ಲಿ ಮರೆವ್ವ ಅಳುತ್ತಿದ್ದಳೋ ನಗುತ್ತಿದ್ದಳೋ. "ಭಾಳ ಪುಣ್ಯದ ಕೆಲಸ ಮಾಡಿದ್ರಿ ಅಣ್ಣಾರ. ನನ್ ನಸೀಬು ನೋಡ್ರಿ, ಒಂದೀಟು ಮೊದ್ಲ ಗೊತ್ತಾಗಿದ್ರ ನನ್ ಕಾಲ್ ಬಟ್ಟೂ ಉಳೀತಿದ್ವು. ಇರ್ಲಿ ಬಿಡ್ರಿ. ನಿಮಗಾರ ಹೆಂಗ ಗೊತ್ತಾಗಬೇಕು ಆಗ?"

ಅಂಜಿನಮ್ಮ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಹತ್ತು ಹೆಂಗಸರು ಅವನನ್ನೇ ನೋಡುತ್ತಿದ್ದರು, ಮನೆಯ ಮಗನನ್ನು ನೋಡುವ ಹಾಗೆ.

"ಆರೋಗ್ಯ ನೋಡ್ಕೊಳ್ಳಿ ಮರೆವ್ವಾರೇ," ಎಂದ ಲೋಕೇಶ್.

ಏಪ್ರಿಲ್‌ನಲ್ಲಿ ತೋಳಿನ ಮೇಲೆ ಆ ನಾಲ್ಕು ಚೌಕ ಬರೆದದ್ದು ಎರಡನೆಯ ಸಲ ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.